ಬಾವಲಿಗಳು ಖಾಲಿ ಮಾಡಿದ ಕೋಣೆ

“ನಾಲ್ಕು ಬಾವಲಿ ಹಿಕ್ಕೆ ಗುಡಿಸೋಕೆ ಕ್ಲೀನಿಂಗ್ ಕಂಪನಿಯವರು ಬರಬೇಕಾ? ಒಂದು ಪೊರಕೆ ಕೊಡು, ಅರ್ಧ ಗಂಟೇಲಿ ಕೋಣೆ ಫಳಫಳ ಅನ್ನದಿದ್ರೆ ಕೇಳು!” ಎಂದು ಶನಿವಾರ ಬೆಳಿಗ್ಗೆ ಹೆಂಡತಿಯ ಮುಂದೆ ತೋಳು ಮಡಚಿ ಘೋಷಿಸಿದೆ.

ನಮ್ಮ ಮಹಡಿ ಕೋಣೆಯ ಸೂರಿನ ಸಂದಿನಲ್ಲಿ ವರ್ಷದಿಂದ ಬಾವಲಿಗಳ ಸಂಸಾರವಿತ್ತು. ಅವು ಜಾಗ ಬದಲಿಸಿದ್ದೇ ತಡ, ಬಡಗಿಯನ್ನು ಕರೆಸಿ ಸಂದು ಮುಚ್ಚಿಸಿದ್ದೆವು. ಅವು ಬಿಟ್ಟುಹೋದ ಆಸ್ತಿ ಮಾತ್ರ ನೆಲದ ತುಂಬ ಕರ್ರಗೆ ಒಣಗಿ ಬಿದ್ದಿತ್ತು. ಅದೇ ಸಂಜೆ ಮಾವ ಬರುವವರಿದ್ದರು, ತಿಂಗಳ ಮಟ್ಟಿಗೆ, ಆ ಕೋಣೆಗೇ. ಕಿಡ್ನಿ ಕಸಿ ಮಾಡಿಸಿಕೊಂಡವರು. ಹೊಸ ಕಿಡ್ನಿ ದೇಹಕ್ಕೆ ಒಗ್ಗಲೆಂದು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ನುಂಗುವವರು.

“ಅಪ್ಪಂಗೆ ನೆಗಡಿ ಬಂದ್ರೂ ಆಸ್ಪತ್ರೆ ರೀ. ಕೆಲಸ ಗೊತ್ತಿರೋರನ್ನ ಕರೆಸಿ.”

“ಗೊತ್ತಿರೋನು ನಾನೇ ಇದೀನಲ್ಲ!”

ಗುಡಿಸಿದೆ. ಗುಡಿಸಿದ್ದೇನು, ದಂಡಯಾತ್ರೆಯನ್ನೇ ಮಾಡಿದೆ! ಧೂಳು ಎದ್ದಿತು. ಕಿಟಕಿಯಿಂದ ಆಚೆ ಹೋಗಲೆಂದು ಫ್ಯಾನನ್ನು ಐದಕ್ಕೆ ತಿರುಗಿಸಿದೆ. ಅದು ಹಾಸಿಗೆ, ದಿಂಬು, ಪರದೆ, ನನ್ನ ಮೂಗು ಎಲ್ಲವನ್ನೂ ಸುತ್ತಾಡಿ ಬಂತು. ಮೂರು ಸಲ ಸೀನಿ, ವಿಜಯಿಯಾಗಿ ಕೆಳಗಿಳಿದು ಆಫೀಸಿಗೆ ಹೊರಟೆ.

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಆರೋಗ್ಯ ಪುಟ ನನ್ನ ಪಾಲಿನದು. ಯಾವ ಕಾಯಿಲೆಯ ಲೇಖನ ತಿದ್ದಿದರೂ ಆ ಕಾಯಿಲೆ ಎರಡು ದಿನ ನನಗಿರುತ್ತದೆ. ಹೆರಿಗೆ ನೋವಿನ ಲೇಖನ ತಿದ್ದಿ ರಜೆ ಹಾಕಿದವನು ನಾನು! ಅಂದು ಮಧ್ಯಾಹ್ನ ಮೇಜಿನ ಮೇಲೆ ಬಂದ ಕರಡಿನ ತಲೆಬರಹ: ‘ನಗರದ ಬಾವಲಿಗಳು ಮತ್ತು ಶಿಲೀಂಧ್ರ ರೋಗ’.

ಬಾವಲಿ ಹಿಕ್ಕೆಯಲ್ಲಿ ಒಂದು ಬಗೆಯ ಶಿಲೀಂಧ್ರ ಬೆಳೆಯಬಹುದಂತೆ. ಒಣಗಿದ್ದನ್ನು ಕೆದಕಿದರೆ ಅದರ ಕಣಗಳು ಧೂಳಿನ ಜೊತೆ ಎದ್ದು ಶ್ವಾಸಕೋಶ ಸೇರಬಹುದಂತೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲವಂತೆ. ರೋಗ ತಡೆಯುವ ಶಕ್ತಿ ಕುಗ್ಗಿದವರಿಗೆ ಜೀವಕ್ಕೇ ಅಪಾಯವಂತೆ. ಮಾಸ್ಕ್ ಹಾಕದೆ, ನೀರು ಚಿಮುಕಿಸದೆ ಒಣ ಪೊರಕೆ ಆಡಿಸಲೇಬಾರದಂತೆ. ಫ್ಯಾನಿನ ವಿಷಯ ಮಾತ್ರ ಎಲ್ಲೂ ಇರಲಿಲ್ಲ. ಅಷ್ಟು ದೊಡ್ಡ ಮೂರ್ಖ ಇರಬಹುದೆಂದು ಲೇಖನ ಬರೆದ ಡಾಕ್ಟರಿಗೆ ಹೊಳೆದಿರಲಿಕ್ಕಿಲ್ಲ!

ಆ ಡಾಕ್ಟರನ್ನೇ ಕೇಳೋಣವೆಂದು ಕರಡಿನ ಅಂಚಿನಲ್ಲಿ ಪ್ರಶ್ನೆ ಗೀಚಿ, ತಿದ್ದಿದ ಕರಡುಗಳ ಬುಟ್ಟಿಗೆ ಹಾಕಿ, ಮನೆಗೆ ಓಡಿದೆ.

ಮಾವ ಆಗಲೇ ಬಂದು, ಚೀಲ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದರು. ಹೋಗಿ ಅಡ್ಡ ನಿಂತೆ.

“ಮಾವ, ಮೇಲೆ ಬೇಡ!”

“ಯಾಕೆ?”

“ಅದು... ಫ್ಯಾನ್ ಕೆಟ್ಟಿದೆ.”

“ನಂಗೆ ಫ್ಯಾನ್ ಆಗಿಬರಲ್ಲ, ಅಳಿಯಂದಿರೇ.”

“ಬೀಗದ ಕೈ ಕಳೆದುಹೋಗಿದೆ.”

“ಬಾಗಿಲು ತೆರೆದೇ ಇದೆಯಲ್ಲ, ಇಲ್ಲಿಂದ್ಲೇ ಕಾಣ್ತಿದೆ.”

“ಸ್ವಲ್ಪ ದಿನ ಬಿಟ್ಟು ಬಂದಿದ್ರೆ ಚೆನ್ನಾಗಿತ್ತು...”

ಬಾಯಿಂದ ಜಾರಿಯೇಬಿಟ್ಟಿತು. ಮಾವನ ಮುಖ ಸಣ್ಣಗಾಯಿತು. “ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ” ಎಂದು ಹಾಲಿನ ಸೋಫಾದ ಮೇಲೆ ಕೂತರು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ನಿಜ ಹೇಳಲು ನಾಲಿಗೆಯೇ ಏಳಲಿಲ್ಲ. ಮಾವ ಒಮ್ಮೆ ಕೆಮ್ಮಿದರು. ನಾನು ಹೋಗಿ ಮೊದಲ ಮೆಟ್ಟಿಲ ಮೇಲೇ ಕೂತುಬಿಟ್ಟೆ. ನನ್ನನ್ನು ಕೆಟ್ಟವನೆಂದುಕೊಳ್ಳಲಿ, ಮೇಲೆ ಹತ್ತದಿದ್ದರೆ ಸಾಕು ಎಂದುಕೊಂಡೆ. ಹಾಗೆಂದುಕೊಂಡರೂ ಸಂಕಟವಾಯಿತು.

ಭಾನುವಾರ ಬೆಳಿಗ್ಗೆ ಶೂ ಕಟ್ಟಿಕೊಂಡು ಕೂತಿದ್ದ ಮಾವ ಪತ್ರಿಕೆ ಬಿಡಿಸಿದರು. ಆರೋಗ್ಯ ಪುಟಕ್ಕೆ ಬಂದವರು ಹುಬ್ಬು ಗಂಟಿಕ್ಕಿ, ಜೋರಾಗಿ ಓದತೊಡಗಿದರು.

“‘ಒಣ ಪೊರಕೆಯಿಂದ ಗುಡಿಸಬಾರದು. ಅಯ್ಯೋ ಡಾಕ್ಟ್ರೇ, ನಾನು ಬೆಳಿಗ್ಗೆ ಹಾಗೇ ಗುಡಿಸಿಬಿಟ್ಟೆ, ಫ್ಯಾನ್ ಬೇರೆ ಹಾಕಿದ್ದೆ! ಸಂಜೆ ಅದೇ ಕೋಣೆಗೆ ಮಾವ ಬರ್ತಾರೆ. ಕಿಡ್ನಿ ಕಸಿ ಆದವರು. ಅವರಿಗೇನಾದ್ರೂ ಆದ್ರೆ ನಾನು ಬದುಕಿರಲಾರೆ. ಹೆಂಡತಿಗೆ ಹೇಗೆ ಹೇಳಲಿ?’”

ನಮ್ಮ ಆಫೀಸಿನಲ್ಲಿ ಅಂಚಿನ ಬರಹದ ಸುತ್ತ ಗೆರೆ ಎಳೆದರೆ ಅದು ಲೇಖಕರಿಗೆ ಪ್ರಶ್ನೆ. ಎಳೆಯದಿದ್ದರೆ ಅದು ಲೇಖನಕ್ಕೆ ಸೇರಿಸಬೇಕಾದ ವಾಕ್ಯ. ಹದಿನೆಂಟು ವರ್ಷ ಅನುಭವವಿದ್ದ ಈ ಮಹಾಶಯ ಗೆರೆ ಎಳೆಯುವುದನ್ನೇ ಮರೆತಿದ್ದ!

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. “ನಾನು ನಿಮಗೆ ಬೇಡವಾದೆ ಅಂದ್ಕೊಂಡಿದ್ದೆ, ಅಳಿಯಂದಿರೇ” ಎಂದು ಶೂ ಬಿಚ್ಚತೊಡಗಿದರು.

ಹೆಂಡತಿ ಪತ್ರಿಕೆ ಕಸಿದುಕೊಂಡು ಎರಡು ಸಲ ಓದಿದಳು.

“ಇದು ಎಷ್ಟು ಮನೆಗೆ ಹೋಗುತ್ತೆ?”

“ಎರಡು ಲಕ್ಷ” ಎಂದೆ, ಆಗಲೂ ಸ್ವಲ್ಪ ಹೆಮ್ಮೆಯಿಂದಲೇ.

“ಎರಡು ಲಕ್ಷ ಮನೆಗೆ ಹೇಳೋಕಾಯ್ತು! ಅಡುಗೆಮನೇಲಿದ್ದ ನಂಗೆ ಹೇಳೋಕಾಗ್ಲಿಲ್ವ?”