ಟಿಲ್ಲರಿಗೆ ವಿಸಿಲ್ ಊದಿದ ದೊಡ್ಡಮ್ಮ

ನನ್ನ ದೊಡ್ಡಮ್ಮನನ್ನು ಕಂಡರೆ ಯಂತ್ರಗಳೂ ಹೆದರುತ್ತವೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ಅವರ ಮನೆಯ ಮಿಕ್ಸಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾವು ಗುಂಡಿ ತಿರುಗಿಸಿದರೆ ಮುಖ ಊದಿಸಿಕೊಂಡು ಕೂರುವ ಆ ಮಿಕ್ಸಿ, ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು "ಎಂತ ನಿಂದು?" ಎಂದು ಕೇಳಿದರೆ ಸಾಕು, ಗುರ್ರೆಂದು ಕೆಲಸಕ್ಕೆ ಹತ್ತುತ್ತದೆ!

ಕಾರ್ಕಳದ ಹೈಸ್ಕೂಲೊಂದರಲ್ಲಿ ಅವರು ಪಿ.ಟಿ. ಟೀಚರ್ ಆಗಿದ್ದರು. ನಿವೃತ್ತಿಯ ದಿನ ಶಾಲೆಯವರು ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟರಂತೆ. ದೊಡ್ಡಮ್ಮ ಅದನ್ನೆಲ್ಲ ಅಲ್ಲೇ ಹಂಚಿ ವಿಸಿಲ್ ಒಂದನ್ನು ಮಾತ್ರ ಮನೆಗೆ ತಂದರು. ಈಗ ಬಜಗೋಳಿಯ ತವರುಮನೆಯಲ್ಲಿ, ತಮ್ಮನ, ಅಂದರೆ ನನ್ನ ಮಾವನ, ಸಂಸಾರದ ಜೊತೆ ಇದ್ದಾರೆ. ಕೋಳಿ ಗೂಡಿಗೆ ಸೇರುವುದಕ್ಕೆ ಒಂದು ವಿಸಿಲ್, ಮನೆಮಂದಿ ಊಟಕ್ಕೆ ಬರುವುದಕ್ಕೆ ಎರಡು. ಒಮ್ಮೆ ಲೆಕ್ಕ ತಪ್ಪಿ ಎರಡು ಊದಿದಾಗ ಕೋಳಿಗಳೆಲ್ಲ ಚಾವಡಿಗೆ ಬಂದವು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಕಥೆ ಶುರುವಾದದ್ದು ಗುಜರಿಯವನಿಂದ. ಕಟ್ಟಿಗೆಯ ಕೊಟ್ಟಿಗೆಯಲ್ಲಿ ನಮ್ಮ ಮನೆಯ ಹಳೆಯ ಟಿಲ್ಲರ್ ಬಿದ್ದಿತ್ತು. ಅಜ್ಜ ಕೊಂಡದ್ದು, ಮಾವ ಓಡಿಸಿದ್ದು. ಹಿಂದೆ ಉಳುಮೆಯ ಕಾಲ ಬಂದರೆ ಸುತ್ತಲಿನ ಗದ್ದೆಗಳಲ್ಲೆಲ್ಲ ಮಾವ ಅದರ ಹಿಡಿ ಹಿಡಿದು ಕೆಸರಿನಲ್ಲಿ ನಡೆಯುತ್ತಿದ್ದರು. ಪಾರ್ಶ್ವವಾಯು ಬಡಿದು ಎಡಗೈಯ ಬಲ ಹೋದ ಮೇಲೆ ಟಿಲ್ಲರ್ ಮೂಲೆ ಸೇರಿತು. ಬಾಡಿಗೆಯ ದೊಡ್ಡ ಟ್ರ್ಯಾಕ್ಟರ್ ಬರಲಿಕ್ಕೆ ನಮ್ಮ ಗದ್ದೆಗೆ ದಾರಿ ಇಲ್ಲ, ನೀರು ಹರಿಯುವ ತೋಡಿನ ಆಚೆಯೇ ನಿಲ್ಲುತ್ತದೆ. ಉಳುಮೆ ಇಲ್ಲದೆ ಗದ್ದೆ ಹಡಿಲು ಬಿತ್ತು. ಮಾವ ಜಗಲಿಯಲ್ಲಿ ಗದ್ದೆಗೆ ಬೆನ್ನು ಹಾಕಿ ಕುರ್ಚಿ ಇಟ್ಟುಕೊಂಡರು. ಕೊನೆಗೊಂದು ದಿನ ಗುಜರಿಯವನನ್ನು ಕರೆಸಿಯೂ ಬಿಟ್ಟರು.

ದೊಡ್ಡಮ್ಮ ಪೇಟೆಯಿಂದ ಬರುವಾಗ ಅವನು ಟಿಲ್ಲರಿಗೆ ಹಗ್ಗ ಕಟ್ಟುತ್ತಿದ್ದ. ಅಂಗಳದಿಂದಲೇ ಊದಿದರು ನೋಡಿ! ಹಗ್ಗ ಅವನ ಕೈಯಿಂದ ಜಾರಿ ಬಿತ್ತು.

"ಅದನ್ನು ಕೊಡುವುದಿಲ್ಲ."

"ಅಣ್ಣ ಹೇಳಿದ್ದಾರಲ್ಲ ಅಮ್ಮಾ, ತಗೊಂಡು ಹೋಗು ಅಂತ."

"ಬೇಕಾದರೆ ಅಣ್ಣನನ್ನೇ ತಗೊಂಡು ಹೋಗಿ. ಟಿಲ್ಲರ್ ಇಲ್ಲೇ ಇರಲಿ."

ಜಗಲಿಯಿಂದ ಮಾವ ಗೊಣಗಿದರು. "ಅಕ್ಕಾ, ಅದು ಸತ್ತು ಎಷ್ಟು ಕಾಲ ಆಯಿತು ಮಾರಾಯ್ತಿ!"

"ಸತ್ತಿದ್ದರೆ ಬೊಜ್ಜದ ಊಟ ಎಲ್ಲಿ ಹಾಕಿಸಿದ್ದಿ?"

ಟಿಲ್ಲರಿಗೆ ಉತ್ತರಕ್ರಿಯೆಯ ಊಟ ಹಾಕಿಸಿದವರು ನಮ್ಮ ಊರಿನಲ್ಲಂತೂ ಯಾರೂ ಇಲ್ಲ. ಅಂತೂ ಒಂದು ಒಪ್ಪಂದವಾಯಿತು. ಮಳೆ ಹಿಡಿಯುವುದರೊಳಗೆ ಟಿಲ್ಲರ್ ಶಬ್ದ ಮಾಡಿದರೆ ಅದು ಮನೆಯಲ್ಲಿ ಇರಬಹುದು. ಇಲ್ಲದಿದ್ದರೆ ಗುಜರಿಗೆ. ಆಮೇಲೆ ದೊಡ್ಡಮ್ಮ ಅಡ್ಡ ಬರುವಂತಿಲ್ಲ.

ಮರುದಿನವೇ ಕೆಲಸ ಶುರು ಎಂದುಕೊಂಡಿರಾ? ಇಲ್ಲ. ಟಿಲ್ಲರಿನ ಇಂಜಿನ್ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಓಡಿಸಿ ಎಂದರು ಅತ್ತೆ. ದೊಡ್ಡಮ್ಮ ಒಪ್ಪಲಿಲ್ಲ. "ಹೆರಿಗೆ ರಜೆಯಲ್ಲಿ ಇರುವವರನ್ನು ಡ್ಯೂಟಿಗೆ ಕರೆಯುವ ಹಾಗಿಲ್ಲ!" ಮರಿಗಳು ಹೊರಬಂದು ಇಳಿದುಹೋಗುವವರೆಗೆ ಕಾದರು. ಅಷ್ಟರಲ್ಲಿ ಸೆಕೆ ಏರಿತ್ತು, ಮಳೆ ಹತ್ತಿರವಾಗುತ್ತಿತ್ತು.

ನಾನು ಇರುವುದು ಉಡುಪಿಯ ಕಡಿಯಾಳಿಯಲ್ಲಿ, ಕೆಲಸ ಮಣಿಪಾಲದ ಒಂದು ಆಫೀಸಿನಲ್ಲಿ. ಆ ಭಾನುವಾರ ಬಜಗೋಳಿಗೆ ಹೋದಾಗ ಮಧ್ಯಾಹ್ನದ ಹೊತ್ತು. ಚಾವಡಿಗೆ ಕಾಲಿಟ್ಟರೆ ಉದ್ದಕ್ಕೂ ಬಾಳೆ ಎಲೆ ಹಾಕಿದ್ದಾರೆ! ಯಾವ ಪೂಜೆ, ನನಗೆ ಯಾಕೆ ಹೇಳಲಿಲ್ಲ ಎಂದು ಹಸಿದ ಹೊಟ್ಟೆಯಲ್ಲಿ ಸಂತೋಷಪಡುತ್ತ ಹತ್ತಿರ ಹೋದೆ. ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ವಾಷರ್, ಪಲ್ಯದ ಜಾಗದಲ್ಲಿ ನಟ್ಟು ಬೋಲ್ಟು, ಅನ್ನದ ಜಾಗದಲ್ಲಿ ಡೀಸೆಲಿನಲ್ಲಿ ತೊಳೆದ ಗೇರುಗಳು. ಬಿಚ್ಚಿದ ಕ್ರಮದಲ್ಲೇ ಎಲೆಯಿಂದ ಎಲೆಗೆ ಟಿಲ್ಲರ್ ಮಲಗಿತ್ತು.

"ದೊಡ್ಡಮ್ಮಾ, ನಮಗೆ?"

"ನಿಮಗೆ ಅಡುಗೆಮನೆಯಲ್ಲಿ ಗಂಜಿ ಉಂಟು. ತಟ್ಟೆಯಲ್ಲಿ ಬಡಿಸಿಕೊ. ಎಲೆ ಖಾಲಿ."

ಪಿಸ್ಟನ್ನಿನ ರಿಂಗ್ ಸವೆದುಹೋಗಿತ್ತು. ಸೋಮವಾರ ಬೆಳಿಗ್ಗೆ ನನಗೆ ಅರ್ಧ ದಿನ ರಜೆ ಹಾಕಿಸಿ, ದೊಡ್ಡಮ್ಮ ನನ್ನ ಜೊತೆ ಉಡುಪಿಯ ಬಸ್ಸು ಹತ್ತಿದರು. ಪಿಸ್ಟನ್ನನ್ನೂ ಅದು ಕೂರುವ ಸಿಲಿಂಡರನ್ನೂ ಮೆತ್ತಗಿನ ಹಳೆ ಸೀರೆಯಲ್ಲಿ ಸುತ್ತಿ, ಅಲುಗಾಡಬಾರದೆಂದು ಮಡಿಲಲ್ಲಿ ತಬ್ಬಿ ಹಿಡಿದಿದ್ದರು. ಪಕ್ಕದ ಹೆಂಗಸು ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಗಾಳಿ ಬೀಸಲಿಕ್ಕೆ ಶುರುಮಾಡಿದರು.

"ಪಾಪ, ಒಂದು ಶಬ್ದ ಇಲ್ಲ, ಎಷ್ಟು ಒಳ್ಳೆಯ ಮಗು! ಎಷ್ಟು ತಿಂಗಳು ಅಮ್ಮಾ?"

"ತಿಂಗಳು ಎಂತದ್ದು? ನಲವತ್ತು ವರ್ಷ ಕಳೆಯಿತು. ಮೊದಲು ಭಾರೀ ಶಬ್ದ ಮಾಡುತ್ತಿತ್ತು. ಈಗ ಮಾತು ನಿಂತಿದೆ. ಡಾಕ್ಟರಿಗೆ ತೋರಿಸಲಿಕ್ಕೆ ಹೋಗುವುದು."

ಆ ಹೆಂಗಸು ಮುಂದಿನ ನಿಲ್ದಾಣದಲ್ಲೇ ಇಳಿದುಹೋದರು. ಅವರ ಊರು ಅದೇ ಆಗಿರಬಹುದು. ಇರಲಿಕ್ಕಿಲ್ಲ ಎಂದು ನನಗೆ ಸಂಶಯ!

ಉಡುಪಿಯ ಅಂಗಡಿಯವರು ಈ ಮಾದರಿಯ ಸಾಮಾನು ಈಗ ಬರುವುದೇ ಇಲ್ಲ, ಕಾಪುವಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವವರೊಬ್ಬರನ್ನು ಕೇಳಿ ಎಂದರು. ನನ್ನ ಅರ್ಧ ದಿನದ ರಜೆ ಅಲ್ಲಿಗೆ ಪೂರ್ತಿ ದಿನವಾಯಿತು. ಕಾಪುವಿನ ಆ ಗ್ಯಾರೇಜಿನಲ್ಲಿ ದಪ್ಪ ಮೀಸೆಯ, ಕೊರಳಲ್ಲಿ ಶಿಲುಬೆ ತೊಟ್ಟ ಯಜಮಾನರು ಕೆಲಸದವರನ್ನು ಗದರಿಸುತ್ತ ನಿಂತಿದ್ದರು. ದೊಡ್ಡಮ್ಮನನ್ನು ಕಂಡದ್ದೇ ತಡ, ಕೈಯ ಸ್ಪಾನರ್ ಕೆಳಗಿಟ್ಟು ಎರಡೂ ಹಿಮ್ಮಡಿ ಜೋಡಿಸಿ ನೆಟ್ಟಗಾದರು.

"ಟೀಚರ್!"

ದೊಡ್ಡಮ್ಮ ಮೇಲಿಂದ ಕೆಳಗೆ ನೋಡಿದರು. "ನೀನು ಓಟದ ಸ್ಪರ್ಧೆಯ ಮಧ್ಯದಲ್ಲಿ ಗೇರುಹಣ್ಣು ತಿನ್ನಲಿಕ್ಕೆ ಹೋದವನಲ್ವಾ?"

"ಹೌದು ಟೀಚರ್."

"ಆ ಓಟ ಇನ್ನೂ ಮುಗಿಯಲಿಲ್ಲ."

ಕೆಲಸದವರ ಎದುರು ಬಡಪಾಯಿ ಮನುಷ್ಯ ಕೆಂಪಾಗಿಹೋದರು. ಆದರೆ ಗುಡ್ಡೆ ಬಿದ್ದಿದ್ದ ಹಳೆಯ ಸಾಮಾನುಗಳೊಳಗೆ ತಲೆ ಹಾಕಿ, ಒಂದೊಂದೇ ರಿಂಗ್ ತೆಗೆದು ಅಳತೆ ನೋಡಿ, ಕೊನೆಗೆ ಸರಿಹೊಂದುವುದನ್ನು ಹುಡುಕಿಯೇ ಕೊಟ್ಟರು. ಮನೆಯವರೆಗೆ ತಮ್ಮ ಕಾರಿನಲ್ಲಿ ಬಿಡುತ್ತೇನೆ ಎಂದದ್ದಕ್ಕೆ ದೊಡ್ಡಮ್ಮ, "ಬೇಡ ಮಾರಾಯ, ಇದಕ್ಕೆ ಬಸ್ಸು ಅಭ್ಯಾಸ ಆಗಿದೆ" ಎಂದರು.

ಮತ್ತೆ ಜೋಡಿಸುವ ಕೆಲಸ. ಮಾವನ ಕುರ್ಚಿ ಇನ್ನೂ ಗದ್ದೆಗೂ ಅಂಗಳಕ್ಕೂ ಬೆನ್ನು ಹಾಕಿಯೇ ಇತ್ತು. ಆದರೆ ಒಂದು ಬೆಳಿಗ್ಗೆ ಆ ಬೆನ್ನೇ ಮಾತಾಡಿತು.

"ಅಕ್ಕಾ, ಆ ಸ್ಪ್ರಿಂಗ್ ಉಲ್ಟಾ ಉಂಟು."

"ನೋಡದೆ ನಿನಗೆ ಹೇಗೆ ಗೊತ್ತಾಯಿತು?"

"ನೀನು ಕೂರಿಸುವ ಶಬ್ದ ಕೇಳುವುದಿಲ್ವಾ?"

ದೊಡ್ಡಮ್ಮ ತೆಗೆದು ನೋಡಿದರು. ಉಲ್ಟಾ ಇತ್ತು! ಮುಂದಿನ ವಾರ ನಾನು ಹೋದಾಗ ಕುರ್ಚಿ ಅಡ್ಡಕ್ಕೆ ತಿರುಗಿತ್ತು. ಅದರ ಮುಂದಿನ ವಾರ ಅಂಗಳಕ್ಕೇ ಇಳಿದಿತ್ತು. "ಜಗಲಿಯಲ್ಲಿ ಸೆಕೆ" ಎಂದರು ಮಾವ, ಉರಿಬಿಸಿಲಿನ ಅಂಗಳದಲ್ಲಿ ಕೂತು ಬೆವರುತ್ತ!

ಕುದುರೆಮುಖದ ಕಡೆಯಿಂದ ಮೋಡ ಕಟ್ಟಿ ಗುಡುಗಿದ ದಿನ ದೊಡ್ಡಮ್ಮ ಎಲ್ಲರನ್ನೂ ಅಂಗಳಕ್ಕೆ ಕರೆದರು. ಗೇಟಿನ ಹತ್ತಿರ ಗುಜರಿಯವನೂ ಹಗ್ಗ ಸಮೇತ ಹಾಜರ್. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ವಿಸಿಲ್ ಊದಿ, ಹ್ಯಾಂಡಲ್ ಹಾಕಿ ತಿರುಗಿಸಿದರು. ಫುಸ್. ನಾನು ತಿರುಗಿಸಿದೆ. ಫುಸ್. ಸೊಂಟನೋವಿನ ಅತ್ತೆ ಕೂಡ ಬಂದು ಒಂದು ಸುತ್ತು ತಿರುಗಿಸಿದರು. ಅದು ಫುಸ್ ಎನ್ನುವ ಸೌಜನ್ಯವನ್ನೂ ತೋರಿಸಲಿಲ್ಲ. "ವಿಶ್ರಾಮ್!" ಎಂದು ಕೂಗಿ ದೊಡ್ಡಮ್ಮ ನೆಲದ ಮೇಲೆ ಕೂತುಬಿಟ್ಟರು. ಅವರ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡದ್ದೇ ಇಲ್ಲ. ಮೊದಲ ಹನಿ ಬಿತ್ತು. ಗುಜರಿಯವನು ಒಂದು ಹೆಜ್ಜೆ ಒಳಗಿಟ್ಟ.

"ನಿಲ್ಲು ಮಾರಾಯ" ಎಂದರು ಮಾವ. ಕುರ್ಚಿಯಿಂದ ಎದ್ದು, ಕಾಲೆಳೆಯುತ್ತ ಬಂದು, ಬಲಗೈಯಲ್ಲಿ ಡೀಸೆಲ್ ಪೈಪಿನ ಒಂದು ನಟ್ಟು ಸಡಿಲಿಸಿದರು. ಗುಳುಗುಳು ಎಂದು ಗುಳ್ಳೆಗಳು ಬಂದವು. "ಒಳಗೆ ಗಾಳಿ ಸೇರಿದೆ. ನೀನು ಎಷ್ಟು ವಿಸಿಲ್ ಊದಿದರೂ ಇದು ಕೇಳಲಿಕ್ಕಿಲ್ಲ." ನಟ್ಟು ಬಿಗಿದರು. "ಈಗ ತಿರುಗಿಸು."

ದೊಡ್ಡಮ್ಮ ಎದ್ದು ತಿರುಗಿಸಿದರು. ಡುಬ್. ಮತ್ತೊಂದು ಡುಬ್. ಆಮೇಲೆ ಕಪ್ಪು ಹೊಗೆಯ ಒಂದು ದೊಡ್ಡ ಉಂಡೆ ಉಗುಳಿ, ಡುಡುಡುಡುಡು ಎಂದು ಅಂಗಳ ನಡುಗುವಂತೆ ಶುರುವಾಯಿತು ನೋಡಿ! ತೆಂಗಿನ ಮರಗಳಿಂದ ಕಾಗೆಗಳು ಹಾರಿದವು. ಅತ್ತೆ ಅಳುತ್ತ ನಕ್ಕರು. ಗುಜರಿಯವನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದು, "ಅಮ್ಮಾ, ನನ್ನ ಗಾಡಿಯದ್ದೂ ಸ್ವಲ್ಪ ನೋಡಿ ಕೊಡುತ್ತೀರಾ?" ಎಂದು ಕೇಳಿದ!

ಮಳೆ ಚೆನ್ನಾಗಿ ಸುರಿದು ಗದ್ದೆಯಲ್ಲಿ ನೀರು ನಿಂತ ಮೇಲೆ, ಕಬ್ಬಿಣದ ಚಕ್ರ ಹಾಕಿ ಟಿಲ್ಲರನ್ನು ಗದ್ದೆಗೆ ಇಳಿಸಲಾಯಿತು. ಓಡಿಸುವವರು ಯಾರು? ಇನ್ಯಾರು! ದೊಡ್ಡಮ್ಮ ಟಿಲ್ಲರನ್ನು ಓಡಿಸಿದರೋ, ಅದು ಅವರನ್ನು ಎಳೆದುಕೊಂಡು ಹೋಯಿತೋ ಹೇಳುವುದು ಕಷ್ಟ. ತಿರುಗಿಸಬೇಕಾದ ಜಾಗದಲ್ಲಿ ತಿರುಗದೆ, ಬದು ಏರಿ ಪಕ್ಕದ ಮನೆಯವರ ಗದ್ದೆಗೇ ಇಳಿಯಿತು. ಪಕ್ಕದ ಮನೆಯವರು ಕೊಡೆ ಹಿಡಿದು ಓಡಿ ಬಂದರು. ಜಗಳ ಖಂಡಿತ ಎಂದುಕೊಂಡೆ ನಾನು.

"ಟೀಚರ್, ಹೇಗೂ ಬಂದಿದ್ದೀರಿ. ಆ ಮೂಲೆಯನ್ನೂ ಒಮ್ಮೆ ಹೊಡೆದುಬಿಡಿ!"

ಮೂಲೆ ಹೊಡೆದು, ಮೈಯೆಲ್ಲ ಕೆಸರಾಗಿ, ವಿಜಯದ ವಿಸಿಲ್ ಊದುತ್ತ ದೊಡ್ಡಮ್ಮ ನಮ್ಮ ಗದ್ದೆಗೆ ಮರಳಿದರು. ಬದುವಿನ ಮೇಲೆ ಮಾವ ನಿಂತಿದ್ದರು. ಅವರ ಮುಂದೆ ಬಂದು ದೊಡ್ಡಮ್ಮ ಟಿಲ್ಲರನ್ನು ನ್ಯೂಟ್ರಲ್ ಮಾಡಿ ನಿಲ್ಲಿಸಿದರು.

"ಇಳಿ. ಹಿಡಿ."

ಮಾವ ತಲೆ ಆಡಿಸಿದರು. "ಎಡಗೈಯಲ್ಲಿ ಎಂತದ್ದೂ ಇಲ್ಲ ಅಕ್ಕಾ."

"ಎಡಗಡೆ ನಾನು ಹಿಡಿಯುತ್ತೇನೆ. ಬಲಗಡೆ ನೀನು."

ಮಾವ ಬಲಗೈಯಲ್ಲೇ ಪಂಚೆ ಎತ್ತಿ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಭುಜ ಹಿಡಿದು ಒಂದೊಂದೇ ಕಾಲು ಕೆಸರಿಗೆ ಇಳಿಸಿದರು. ಒಂದು ಹಿಡಿ ಅಕ್ಕನ ಕೈಯಲ್ಲಿ, ಒಂದು ತಮ್ಮನ ಕೈಯಲ್ಲಿ. ಟಿಲ್ಲರ್ ಹೊರಟಿತು, ಈ ಸಲ ನೆಟ್ಟಗೆ. ಹಿಂದೆ ಬೆಳ್ಳಕ್ಕಿಗಳು ಇಳಿದವು. ದೊಡ್ಡಮ್ಮ ಒಂದು ವಿಸಿಲೂ ಊದಲಿಲ್ಲ. ತಿರುವಿನ ಹತ್ತಿರ ಮಾವನ ದನಿ ಮಾತ್ರ ಕೇಳಿಸಿತು.

"ಅಕ್ಕಾ, ಮೆಲ್ಲ."

ನಮ್ಮ ದೊಡ್ಡಮ್ಮ ಮೆಲ್ಲನೆ ತಿರುಗಿದರು.