ರಾಶಿಯಾದ ಮನೆ

ಮನೆ ನೋಡಲು ಬರುವವರ ಮುಂದೆ ನಗುನಗುತ್ತಾ ಇರಬೇಕು ಎಂದು ಬ್ರೋಕರ್ ದಂಡಪಾಣಿ ಹೇಳಿದಾಗ ವಿಶ್ವಾಸ್ ಒಪ್ಪಿದ. ಹೆಂಡತಿಯೂ ಪಕ್ಕದಲ್ಲಿ ನಗುತ್ತಿರಬೇಕು ಎಂದಾಗ ಮುಖ ಸಪ್ಪಗಾಯಿತು. ದ್ರಾಕ್ಷಾಯಣಿ ಅವನನ್ನು ಬಿಟ್ಟು ಹೋಗಿ ಎಂಟು ತಿಂಗಳಾಗಿತ್ತು.

“ಬಾಳ್ದೋರು ಚೆನ್ನಾಗಿ ಬಾಳಿದ್ರಾ, ಮನೆ ಅದೃಷ್ಟದ್ದಾ ಅಂತ ನಮ್ಮ ಕಡೆ ರಾಶಿ ನೋಡ್ತಾರೆ ಸಾರ್. ಗಂಡ ಹೆಂಡ್ತಿ ಪಿರಿದು ಬೇರೆಯಾಗಿ ಹೋದ ಮನೆ ಅಂದ್ರೆ ಗೇಟೂ ಮುಟ್ಟಲ್ಲ,” ಎಂದ ದಂಡಪಾಣಿ.

ಪೆರಿಯನಾಯಕನಪಾಳ್ಯದ ಆ ಮನೆ ಇಬ್ಬರ ಹೆಸರಿನಲ್ಲಿತ್ತು. ಮುಂದಿನ ತಿಂಗಳು ಅವಳು ದುಬೈಗೆ ಹೊರಡುವವಳು. ಆಮೇಲೆ ಸಹಿಗೆ ಅವಳನ್ನು ಹಿಡಿಯುವುದು ಕನಸಿನ ಮಾತು. ಬೇಗ ಮಾರಿ ಕೈತೊಳೆದುಕೊಳ್ಳಬೇಕು ಎಂಬುದೊಂದರಲ್ಲೇ ದಂಪತಿಗಳಿಗೆ ಒಮ್ಮತವಿತ್ತು.

ಭಾನುವಾರ ಅವಳು ಕೈಚೀಲ ಹಿಡಿದು ನೆಂಟಳಂತೆ ಬಂದಳು. ಇವರ ಜಗಳ ಬಿಡಿಸಲು ಮೂರು ಸಲ ಓಡಿಬಂದಿದ್ದ ಪಕ್ಕದ ಮನೆಯ ರಾಮಾಯಿ ಈಗ ತನ್ನ ಸೀರೆಗಳನ್ನೇ ತಂದು ಇವರ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹರವಿ, ಅವಳಿಗೆ ಮಲ್ಲಿಗೆ ಮುಡಿಸಿದಳು. ಅಟ್ಟದ ಮೇಲಿದ್ದ ಮದುವೆಯ ಫೋಟೋ ಧೂಳು ಕೊಡವಿಕೊಂಡು ಗೋಡೆಗೇರಿತು.

ಮಗನಿಗೆಂದು ಮನೆ ನೋಡಲು ಕಾರಮಡೈಯಿಂದ ಬೆಳ್ಳಿಯಮ್ಮ ಬಂದರು. ಕಾಫಿ ಮಾಡಲು ಒಳಗೆ ಹೋದ ದ್ರಾಕ್ಷಾಯಣಿಗೆ ಸಕ್ಕರೆ ಡಬ್ಬಿ ಸಿಗಲಿಲ್ಲ. ನಾಲ್ಕನೆಯ ಡಬ್ಬಿಯಲ್ಲಿ ಮೊಳೆಗಳು ಸಿಕ್ಕಾಗ ವಿಶ್ವಾಸ್ ಓಡಿಹೋಗಿ ತಾನೇ ಕಾಫಿ ಮಾಡಿ ತಂದ. ಹೆಂಡತಿಯ ಲೋಟವನ್ನು ಊದಿ ಊದಿ ಆರಿಸಿಯೂ ಕೊಟ್ಟ. ಆರು ವರ್ಷದಲ್ಲಿ ಈ ಮನೆಯಿಂದ ಒಂದು ಏರುದನಿ ಕೇಳಿಲ್ಲ ಎಂದು ರಾಮಾಯಿ ಅಳುಕಿಲ್ಲದೆ ಹೇಳಿದಳು.

ಬೆಳ್ಳಿಯಮ್ಮ ಲೋಟ ಕೆಳಗಿಟ್ಟರು.

“ಇಷ್ಟು ಚೆನ್ನಾಗಿ ಬಾಳೋರು ಮನೆ ಯಾಕಪ್ಪಾ ಮಾರ್ತೀರಿ? ದೋಷ ನಿಮ್ಮಲ್ಲಿಲ್ಲ ಅಂದ್ಮೇಲೆ ಮನೇಲೇ ಇರ್ಬೇಕು. ಹೋದ ವಾರ ಒಂದು ಮನೆ ನೋಡಿದ್ವಿ, ಗಂಡ ಹೆಂಡ್ತಿ ಜಗಳ ಆಡಿ ಪಿರಿದು ಹೋದೋರ್ದು. ಅವರು ಕಿತ್ತಾಡಿದ್ರೆ ಗೋಡೆ ಏನ್ ಮಾಡೀತು? ನಮಗೆ ಅದೇ ವಾಸಿ.”

ದಂಡಪಾಣಿ ಫ್ಯಾನಿನ ಕಡೆ ನೋಡಿದ. ವಿಶ್ವಾಸ್‌ಗೆ ಅಳುವೇ ಬಂತು. ಇದೆಲ್ಲಾ ನಾಟಕ, ತಾವು ಬೇರೆಯಾಗಿ ಎಂಟು ತಿಂಗಳಾಯಿತು, ಬೇಕಾದರೆ ಕೋರ್ಟಿನ ಕಾಗದ ತೋರಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

ಬೆಳ್ಳಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ದ್ರಾಕ್ಷಾಯಣಿಯ ಕೈ ಹಿಡಿದುಕೊಂಡರು.

“ಮನೆ ಮಾರೋಕೆ ಕಟ್ಕೊಂಡ ಹೆಂಡ್ತೀನೇ ಇಲ್ಲ ಅಂತಾನಲ್ಲ. ಇಂಥೋನ ಜತೆ ಹೆಂಗೆ ಬಾಳ್ತೀಯಮ್ಮಾ?”

“ಅದನ್ನೇ ಅಮ್ಮ, ನಾನೂ ಜಡ್ಜ್ ಹತ್ತಿರ ಕೇಳಿದ್ದು,” ಎಂದಳು ದ್ರಾಕ್ಷಾಯಣಿ.