ಸಲಾಕೆ ಹಚ್ಚಿ ಕೇಳಿದ ರಾಕ್

ಕಿವಿಯನ್ನೇ ನಂಬಿ ಹೊಟ್ಟೆ ಹೊರೆದವನ ಮನೆಯಲ್ಲಿ ಗಿಟಾರ್ ಬಾರಿಸುವ ಮಗಳು ಹುಟ್ಟಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಬೇಡವೆಂದರೂ ನಿಲ್ಲುವುದಿಲ್ಲ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಗದಗಿನಿಂದ ಬಂದು, ನಾಗಪುರದ ಹೊರಗಿನ ಒಂದು ವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ಟರ್ಬೈನ್ ನೋಡಿಕೊಂಡವನು ನಾನು. ನನ್ನ ಆಯುಧ ಮೂರಡಿಯ ಒಂದು ಉಕ್ಕಿನ ಸಲಾಕೆ. ಒಂದು ತುದಿಯನ್ನು ಬೇರಿಂಗಿಗೆ ಹಚ್ಚಿ, ಇನ್ನೊಂದು ತುದಿಯ ಮರದ ಗುಂಡನ್ನು ಕಿವಿಗೆ ಒತ್ತಿ ಹಿಡಿದರೆ ಯಂತ್ರದ ಹೊಟ್ಟೆಯೊಳಗಿನ ಸುದ್ದಿಯೆಲ್ಲ ತಿಳಿಯುತ್ತದೆ. ಕಿವಿಗೆ ರಕ್ಷಣೆ ಹಾಕಿಕೋ ಎಂದು ಮೇಲಿನವರು ದಿನಾ ಬೈಯುತ್ತಿದ್ದರು. ಯಂತ್ರ ಮಾತಾಡುವಾಗ ಕಿವಿ ಮುಚ್ಚುವುದು ಮರ್ಯಾದೆಯಲ್ಲವೆಂದು ನಾನೇ ಹಟ ಹಿಡಿದೆ. ಎಲ್ಲ ಸರಿಯಿದ್ದರೆ ಸಲಾಕೆ ಇಳಿಸಿ "ಬರೋಬರ್ ಐತಿ" ಅನ್ನುತ್ತಿದ್ದೆ. ನನ್ನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಮನುಷ್ಯರಿಗಂತೂ ನಾನು ಆ ಮಾತು ಹೇಳಿದ್ದೇ ಇಲ್ಲ.

ಫ್ರಿಜ್ಜಿನ ಮೇಲಿನ ಪಟ್ಟಿ

ಮಗಳು ಹಗಲು ಸಿವಿಲ್ ಲೈನ್ಸಿನ ಕೋರ್ಟಿನಲ್ಲಿ ವಕೀಲೆ. ಸಂಜೆ ಕರಿ ಕೋಟು ಕಳಚಿ ಕರಿ ಟೀ ಶರ್ಟು ತೊಟ್ಟಳೆಂದರೆ ರಾಕ್ ಬ್ಯಾಂಡಿನವಳು. ಜಗತ್ತಿನ ಹತ್ತು ಮಹಾ ಬ್ಯಾಂಡುಗಳ ಪಟ್ಟಿಯೊಂದನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅವಳ ಬ್ಯಾಂಡಿನಲ್ಲಿ ದಪ್ಪ ದನಿಯ ಬೇಸ್ ಗಿಟಾರ್ ಬಾರಿಸುವವನು ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಮರಾಠಿಯವನು. ಭಾನುವಾರ ಉಪ್ಪಿಟ್ಟಿಗೆ ಬರುತ್ತಾನೆ, ಆ ಪಟ್ಟಿಯ ಮುಂದೆ ನಿಂತು ಜಗಳ ತೆಗೆಯುತ್ತಾನೆ. ಗಿಟಾರ್ ಅಳಬೇಕು, ಆಗಲೇ ದೊಡ್ಡ ರಾಕ್ ಎಂದು ಇವಳು. ಬುಡ ಗಟ್ಟಿ ಇಲ್ಲದಿದ್ದರೆ ಎಷ್ಟು ಅತ್ತರೇನು ಎಂದು ಅವನು.

ಒಂದು ಭಾನುವಾರ ನನ್ನನ್ನೇ ಪಂಚನನ್ನಾಗಿ ಕೂರಿಸಿ ಹಾಡು ಹಚ್ಚಿದರು. ಕಣ್ಣು ಮುಚ್ಚಿ ಕೇಳಿದೆ. ಮೈ ಜುಮ್ಮೆಂದಿತು.

"ಆಹಾ, ಏನ್ ಹಿಡಿತ ಐತಿ! ಕೂದಲೆಳೆಯಷ್ಟೂ ಅಲುಗಾಟಿಲ್ಲ. ಇವರ ಹೆಸರು ಎಲ್ಲಾರಕಿಂತ ಮ್ಯಾಲೆ ಬರಿ" ಎಂದೆ.

ಕಣ್ಣು ಬಿಟ್ಟರೆ ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ. ಹಾಡು ಮುಗಿದು ಎರಡು ನಿಮಿಷವಾಗಿತ್ತಂತೆ. ನಾನು ತಲೆದೂಗುತ್ತಿದ್ದದ್ದು ಫ್ರಿಜ್ಜಿಗೆ.

ಕುಕ್ಕರಿನ ಪರೀಕ್ಷೆ

ನನ್ನ ಹೆಂಡತಿಗೆ ಪಟ್ಟಿಗಿಟ್ಟಿ ಬೇಕಿಲ್ಲ. "ಕುಕ್ಕರ್ ಸೀಟಿ ಕೇಳಿಸ್ತಂದ್ರ ಅದು ರಾಕ್ ಅಲ್ಲ" ಎನ್ನುವುದು ಅವಳ ತೀರ್ಮಾನ. ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಮೂರು ಸಲ ಬೇಳೆ ಸೀದಿದೆ, ಮೂರೂ ಅವಳ ಪ್ರಕಾರ ಅಪ್ಪಟ ರಾಕ್.

ಮೂರನೆಯ ಸಲ ಮೇಲಿನ ಮನೆಯ ಮರಾಠಿ ಅಜ್ಜಿ ಕೋಲೂರಿಕೊಂಡು ಕೆಳಗಿಳಿದು ಬಂದರು. ಮಗಳು ಓಡಿಹೋಗಿ ಹಾಡಿನ ಸದ್ದು ತಗ್ಗಿಸಿ, ಕೈಮುಗಿದು ನಿಂತಳು. ಅಜ್ಜಿ ಸಿಟ್ಟಾದರು. ತಗ್ಗಿಸಿದ್ದು ಯಾಕೆ, ಇನ್ನಷ್ಟು ಏರಿಸು, ಮೇಲೆ ಕೂತರೆ ಹಾಡಿನ ಮಾತು ಸರಿಯಾಗಿ ತಿಳಿಯುತ್ತಿಲ್ಲ ಎಂದು ಹೇಳಲು ಬಂದಿದ್ದರಂತೆ!

ಗ್ಯಾರೇಜಿನಲ್ಲಿ

ಅವರ ತಾಲೀಮು ನಡೆಯುವುದು ಗೆಳತಿಯೊಬ್ಬಳ ಮನೆಯ ಗ್ಯಾರೇಜಿನಲ್ಲಿ. ಒಂದು ಸಂಜೆ ಮಗಳು ನನ್ನನ್ನು ಕರೆದುಕೊಂಡು ಹೋದಳು. ಇಡೀ ಊರಿಗೆ ಬೆಳಕು ಕೊಡುವ ಯಂತ್ರದ ಪಕ್ಕ ಆಯುಷ್ಯ ಕಳೆದವನು ನಾನು, ಆದರೂ ಡ್ರಮ್ಮಿನ ಮೊದಲ ಏಟಿಗೇ ಎದೆ ಝಲ್ಲೆಂದಿತು. ತಗಡಿನ ಬಾಗಿಲು ನಡುಗಿತು. ನೆಲದ ನಡುಕ ಅಂಗಾಲಿಗೆ ತಿಳಿಯಲೆಂದು ಚಪ್ಪಲಿ ಕಳಚಿದೆ, ಆಮೇಲೆ ಭಕ್ತಿಯಿಂದಲೇ ಕಣ್ಣು ಮುಚ್ಚಿ ಹಾಗೆ ನಿಂತೆ. ನಾಲ್ಕು ಜನ ಮಕ್ಕಳು ಬರಿಗೈಯಲ್ಲಿ ಇಷ್ಟು ಶಕ್ತಿ ಹುಟ್ಟಿಸುತ್ತಾರಲ್ಲ ಎಂದು ಬೆರಗಾದೆ.

ಆದರೆ ನಡುನಡುವೆ ಒಂದು ಗುಂಯ್ ಸದ್ದು. ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಿಯಿಲ್ಲವೆಂದು ನನಗೆ ತಕ್ಷಣ ಹೊಳೆಯಿತು. ಅವರು ಚಹಾಕ್ಕೆ ಹೋದಾಗ ಹೊರಗಿನ ಅರ್ಥಿಂಗ್ ಗುಂಡಿಗೆ ಉಪ್ಪುನೀರು ಸುರಿದು, ತಂತಿ ಬಿಗಿ ಮಾಡಿ ಬಂದೆ. ಗುಂಯ್ ನಿಂತಿತು. ಮಕ್ಕಳ ಮುಖ ಇಳಿಯಿತು. ಆ ಗುಂಯ್ ತಮ್ಮ ಬ್ಯಾಂಡಿನ ಗುರುತು ಎಂದು ಅವರು ವರ್ಷದಿಂದ ಜೋಪಾನ ಮಾಡಿಕೊಂಡು ಬಂದಿದ್ದರಂತೆ.

ತಪ್ಪು ಮುಚ್ಚಿಕೊಳ್ಳಲು ಬೇಸಿನವನ ಬೆನ್ನು ತಟ್ಟಿ ಹೊಗಳಿದೆ. ಡ್ರಮ್ಮಿನವಳನ್ನೂ ಹೊಗಳಿದೆ. ಸ್ಕೂಟರಿನಲ್ಲಿ ಮನೆಗೆ ಬರುವಾಗ ಮಗಳು ಕೇಳಿದಳು:

"ಅಪ್ಪಾ, ನಂದು ಹ್ಯಾಂಗಿತ್ತು?"

"ಅಯ್ಯ, ನೀನೂ ಬಾರಿಸಿದ್ಯೇನು?" ಎಂದೆ.

ಡಾಕ್ಟರರ ಇಳಿಜಾರು

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೆಂಡತಿ ನನ್ನನ್ನು ಕಿವಿಯ ಡಾಕ್ಟರರ ಹತ್ತಿರ ದಬ್ಬಿಕೊಂಡು ಹೋದಳು. ಮಗಳೂ ಮುಖ ದಪ್ಪ ಮಾಡಿಕೊಂಡೇ ಬಂದಳು.

ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಒತ್ತಿದ ಗುಂಡಿಯಿಂದ ಕೈ ತೆಗೆಯಲೇ ಇಲ್ಲ. ಡಾಕ್ಟರರು ಗಾಬರಿಯಾಗಿ ಬಂದು ಏನು ಕೇಳಿಸುತ್ತಿದೆ ಎಂದರು. "ನಿಮ್ಮ ಏಸಿ ಸಾಹೇಬ್ರ. ಬೇರಿಂಗ್ ಹೋಗಾಕತ್ತೈತಿ, ಜಲ್ದಿ ತೋರಸ್ರಿ" ಎಂದೆ. ಏಸಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿದರು.

ಕಾಗದದ ಮೇಲೆ ಗೆರೆ ಮೊದಲು ನೆಟ್ಟಗೆ ಹೋಗಿ ಆಮೇಲೆ ಧಡಾರನೆ ಇಳಿದಿತ್ತು. ದಪ್ಪ ಸದ್ದೆಲ್ಲ ಕೇಳುತ್ತದೆ, ಏರು ದನಿಯ ಸಣ್ಣ ಸದ್ದು ಹೋಗಿಬಿಟ್ಟಿದೆ ಎಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಬರೆದುಕೊಟ್ಟರು, ಅದು ಬರಲು ಹದಿನೈದು ದಿನ. ಮಗಳು ಆ ಕಾಗದವನ್ನು ಕೋರ್ಟಿನ ದಾಖಲೆಯಂತೆ ಹಿಡಿದು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು.

"ಅಪ್ಪಾ, ನಿನಗ ಸೇರಲಿಲ್ಲ ಅಂತಲ್ಲ! ಕೇಳಿಸೇ ಇಲ್ಲ! ನನ್ನ ಗಿಟಾರ್ ಪೂರಾ ಈ ಇಳಿಜಾರಿನ್ಯಾಗ ಬಿದ್ದೈತಿ!"

ಹೆಂಡತಿ ಕಾಗದ ಕಿತ್ತುಕೊಂಡಳು. "ಇರು ಇರು. ಹಂಗಾರ ನಾ ಇಷ್ಟ ವರ್ಷ ಹೇಳಿದ್ದೂ ಇದರಾಗ ಬಿದ್ದೈತೇನು?"

ವೇದಿಕೆಯ ಮೇಲೆ

ನಾಲ್ಕೇ ದಿನಕ್ಕೆ ಕನ್ನಡ ಸಂಘದ ವಾರ್ಷಿಕೋತ್ಸವ. ಭಾವಗೀತೆ, ಕೋಲಾಟ ಮುಗಿದ ಮೇಲೆ ಮಗಳ ಬ್ಯಾಂಡು. "ಕಡೀಕ ನಾ ಒಬ್ಬಾಕಿನ ಬಾರಸ್ತೀನಿ. ಕೇಳಿಸದಿದ್ರೂ ಮುಂದ ಕೂಡು" ಎಂದಿದ್ದಳು. ಕೂತೆ. ತೊಡೆಯ ಮೇಲೆ ಕೊಡೆಯ ಚೀಲ.

ಕೊನೆಗೆ ಅವಳೊಬ್ಬಳೇ ಮುಂದೆ ಬಂದು ನಿಂತಳು. ಬೆರಳುಗಳು ತಂತಿಯ ಮೇಲೆ ಓಡತೊಡಗಿದವು. ನನಗೆ ಕಾಣಿಸಿದ್ದು ಬೆರಳು ಮಾತ್ರ. ಪಕ್ಕದ ಹಿರಿಯರು ಬಾಯಿ ತೆರೆದುಕೊಂಡು ಕೂತಿದ್ದರು. ನನ್ನ ಹೆಂಡತಿ, ಕುಕ್ಕರಿನ ಪರೀಕ್ಷೆಯವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಡೀ ಸಭೆ ನನ್ನ ಮಗಳನ್ನು ಕೇಳುತ್ತಿದೆ, ನಾನೊಬ್ಬ ಕೇಳುತ್ತಿಲ್ಲ. ಎದ್ದೆ. ಕೊಡೆಯ ಚೀಲದಲ್ಲಿ ಬಚ್ಚಿಟ್ಟು ತಂದಿದ್ದ ಸಲಾಕೆ ಹಿರಿದು ವೇದಿಕೆ ಹತ್ತಿದೆ.

ಸಂಘದ ಕಾರ್ಯದರ್ಶಿಗಳಿಗೆ ಕಂಡದ್ದಿಷ್ಟು: ಹಾಡಿನ ಗದ್ದಲಕ್ಕೆ ತಲೆಕೆಟ್ಟ ಅಪ್ಪನೊಬ್ಬ ಕಬ್ಬಿಣದ ಸಲಾಕೆ ಹಿಡಿದು ಮಗಳ ಮೇಲೆ ಏರಿಹೋಗುತ್ತಿದ್ದಾನೆ. ಅವರು ಹಿಂದಿನಿಂದ ಹಾರಿ ಬಂದು ನನ್ನ ಸೊಂಟ ತಬ್ಬಿ ಹಿಡಿದರು. "ಬ್ಯಾಡ್ರೀ! ಹೊಡೀಬ್ಯಾಡ್ರೀ! ಇನ್ನ ಎರಡ ನಿಮಿಷದಾಗ ಮುಗೀತೈತಿ, ತಡಕೋರಿ!"

ಮಗಳು ಸಲಾಕೆ ನೋಡಿದಳು, ನನ್ನ ಮುಖ ನೋಡಿದಳು. ಬಾರಿಸುವುದನ್ನು ನಿಲ್ಲಿಸದೆ ಒಂದು ಹೆಜ್ಜೆ ಮುಂದೆ ಬಂದು ಗಿಟಾರನ್ನು ನನ್ನ ಕಡೆ ಚಾಚಿದಳು.

ಸೊಂಟಕ್ಕೆ ಕಾರ್ಯದರ್ಶಿಗಳನ್ನು ನೇತುಹಾಕಿಕೊಂಡೇ ಸಲಾಕೆಯ ತುದಿಯನ್ನು ಗಿಟಾರಿಗೆ ಹಚ್ಚಿದೆ, ಗುಂಡನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ. ಬಂತು. ದವಡೆಗೆ, ಹಲ್ಲಿಗೆ, ತಲೆಯೊಳಗೆಲ್ಲ ಬಂತು. ಏರುತ್ತ ಏರುತ್ತ ಹೋಗಿ, ಇನ್ನೇನು ಹರಿದುಬೀಳುತ್ತದೆ ಅನ್ನುವಷ್ಟರಲ್ಲಿ ತಿರುಗಿ ಇಳಿಯುತ್ತಿತ್ತು. ಇದು ನಮ್ಮ ಮನೆಯಲ್ಲೇ, ಗೋಡೆಯ ಆಚೆ, ಹತ್ತು ವರ್ಷದಿಂದ ಇತ್ತು. ಮೂವತ್ತು ವರ್ಷ ಕಬ್ಬಿಣಕ್ಕೆ ಕಿವಿ ಕೊಟ್ಟವನು ಇದನ್ನು ಕೇಳಿರಲಿಲ್ಲ.

ಸಲಾಕೆ ಇಳಿಸಿದೆ. ಮೈಕು ಅಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ.

"ಬರೋಬರ್ ಐತಿ" ಎಂದೆ.

ಆ ಮಾತು ಕೇಳಿ ಮಗಳು ಮುಂದಿನ ಸ್ವರವನ್ನು ಪೂರ್ತಿ ತಪ್ಪಿ ಬಾರಿಸಿದಳಂತೆ. ಸಭೆಗೆಲ್ಲ ಗೊತ್ತಾಯಿತಂತೆ. ನನಗಂತೂ ಕೇಳಿಸಲಿಲ್ಲ.